ಅಣ್ಣನ ಸೋರುವ ದೋಣಿ

ಮೊನ್ನೆ ನಮ್ಮ ಸೊಸೆ ಅಟ್ಟ ಗುಡಿಸುವಾಗ ಒಂದು ಮರದ ಬಾನಿ ಸಿಕ್ಕಿತು. ಹಲಗೆಗಳನ್ನು ಜೋಡಿಸಿ ಸುತ್ತ ಕಬ್ಬಿಣದ ಪಟ್ಟಿ ಬಿಗಿದ ಹಳೆಯ ಬಾನಿ. ಮನೆಯಲ್ಲಿ ಕೈಮಗ್ಗ ಇದ್ದ ಕಾಲಕ್ಕೆ ನೂಲಿಗೆ ಗಂಜಿ ಹಾಕುತ್ತಿದ್ದುದು ಅದರಲ್ಲೇ. ಅವಳು ಅದನ್ನು ಅಂಗಳಕ್ಕೆ ತಂದು ಒಂದು ಕೊಡ ನೀರು ಸುರಿದಳು. ಸುರಿದಷ್ಟೂ ನೀರು ಸಂದಿ ಸಂದಿಯಿಂದ ಹೊರಗೆ ಹರಿಯಿತು. "ಇದು ಒಲೆಗೇ ಸರಿ ಮಾವ," ಅಂದಳು. ಎಷ್ಟೋ ವರ್ಷ ಒಣಗಿದ ಮರಕ್ಕೆ ನೀರು ತಾಗಿದಾಗ ಒಂದು ವಾಸನೆ ಏಳುತ್ತದೆ ನೋಡಿ, ಅದು ನನ್ನ ಮೂಗಿಗೆ ಬಡಿಯಿತು. "ಒಲೆಗೆ ಹಾಕ್ಬೇಡಮ್ಮ, ಅಲ್ಲೇ ಇರ್ಲಿ," ಅಂದೆ. ಯಾಕೆ ಎಂದು ಕೇಳಿದಳು. ಅವಳಿಗೆ ಹೇಳಲು ಬಾಯಿ ಬರಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೇನೂ ಒಲೆ ಹಚ್ಚುವ ಅವಸರವಿಲ್ಲವಲ್ಲ.

ನಮ್ಮ ಮನೆಯಲ್ಲಿ ಒಮ್ಮೆ ಹಾಯಿದೋಣಿ ಇತ್ತು. ಹೀಗೆಂದರೆ ಜನ ನನ್ನ ಮುಖ ನೋಡುತ್ತಾರೆ. ದೊಡ್ಡಬಳ್ಳಾಪುರದ ನೇಕಾರರ ಮನೆಗೂ ದೋಣಿಗೂ ಎಲ್ಲಿಯ ಸಂಬಂಧ? ಸಮುದ್ರ ಹೋಗಲಿ, ಹೇಳಿಕೊಳ್ಳುವಂಥ ಹೊಳೆಯೂ ಹತ್ತಿರವಿಲ್ಲ. ಆದರೆ ಕೆರೆ ಇತ್ತು. ಒಳ್ಳೆ ಮಳೆಯಾದ ವರ್ಷ ಏರಿಯ ಮೇಲೆ ನಿಂತರೆ ಆಚೆ ದಡದ ಹುಣಸೆಮರಗಳು ಬೆರಳಷ್ಟಾಗಿ ಕಾಣುತ್ತಿದ್ದವು. ಆ ನೀರಿನ ಮೇಲೆ ನಮ್ಮಣ್ಣ ದೋಣಿ ಬಿಡುತ್ತಿದ್ದ.

ಅಣ್ಣ ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ಚಿಕ್ಕಂದಿನಲ್ಲಿ ಬಂದ ಜ್ವರ ಅವನ ಬಲಗಾಲನ್ನು ಒಣಕಡ್ಡಿ ಮಾಡಿ ಹೋಗಿತ್ತು. ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಳಿಮಗ್ಗದಲ್ಲಿ ಕೂತರೆ ಎಡಗಾಲು ಒಂದರಲ್ಲೇ ಎರಡು ಮೆಟ್ಟುಗಳನ್ನೂ ತುಳಿದು, ಎರಡು ಕಾಲಿದ್ದ ನಾನು ಎರಡು ಸೀರೆ ನೇಯುವಷ್ಟರಲ್ಲಿ ಮೂರು ಇಳಿಸುತ್ತಿದ್ದ. ಕುಳಿಯಿಂದ ಮೇಲೆ ಬಂದರೆ ಮಾತ್ರ ಅವನಿಗೆ ಒಂದು ಹೆಗಲು ಬೇಕು. ಬಚ್ಚಲಿಗೆ ಅತ್ತಿಗೆಯ ಹೆಗಲು, ಬೀದಿಗೆ ನನ್ನ ಹೆಗಲು. ಹೆಗಲು ಕೊಟ್ಟವರಿಗೆ ಅವನು ಎಂದೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅದೊಂದು ಬಗೆಯ ಕೋಪ, ಯಾರ ಮೇಲೂ ಅಲ್ಲದ ಕೋಪ.

ಕೆರೆ ಏರಿಯ ಪಕ್ಕದ ಬಂಗಲೆಯಲ್ಲಿ ಒಬ್ಬ ಬಿಳಿಯ ದೊರೆ ಇದ್ದ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಅವನು ಊರು ಬಿಟ್ಟ, ಬಿಡುವಾಗ ತನ್ನ ದೋಣಿಯನ್ನು ಅಡುಗೆಯವನಿಗೆ ಕೊಟ್ಟುಹೋದ. ಅಡುಗೆಯವನು ಅದನ್ನು ಬೋರಲು ಹಾಕಿ ಕೋಳಿಗೂಡು ಮಾಡಿಕೊಂಡ. ಒಂದು ಸಂಜೆ ಅಣ್ಣನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಹೋಗುತ್ತಿದ್ದೆ. ಅಣ್ಣ "ನಿಲ್ಸೋ" ಅಂದ. ಕೋಳಿಗಳು ಒಳಗೆ ಹೊರಗೆ ಓಡಾಡುತ್ತಿದ್ದ ಆ ಮರದ ಬೆನ್ನನ್ನು ಬಹಳ ಹೊತ್ತು ನೋಡಿದ.

"ಅದರಲ್ಲಿ ಕೂತ್ಕೊಂಡೇ ಹೋಗ್ಬೋದು ಅಲ್ವೇನೋ?" ಅಂದ.

"ಎಲ್ಲಿಗೆ?"

"ಎಲ್ಲಿಗಾದ್ರೂ."

ಮಾರನೆಯ ವಾರ ಅತ್ತಿಗೆಗೆಂದು ನೇಯ್ದಿಟ್ಟಿದ್ದ ಎರಡು ಸೀರೆಗಳು ಅಡುಗೆಯವನ ಹೆಂಡತಿಯ ಪಾಲಾದವು, ದೋಣಿ ನಮ್ಮ ಪಾಲಾಯಿತು. ಅತ್ತಿಗೆ ಅದನ್ನು ಕೊನೆಯವರೆಗೂ ಮರೆಯಲಿಲ್ಲ. "ನನ್ ಸೀರೇನೇ ಉಡಿಸಿ ಸವತೀನ ಮನೆ ತುಂಬಿಸ್ಕೊಂಡ್ರು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ, ಅಣ್ಣ ಕೆರೆಗೆ ಹೊರಟಾಗ ಬುತ್ತಿ ಕಟ್ಟಿ ಕೊಡುತ್ತಿದ್ದಳು.

ಹಳೆಯ ದೋಣಿ ಸಾಕುವುದೆಂದರೆ ಏನೆಂದು ನೀವು ಕೇಳಬೇಕು. ಮೊದಲನೆಯ ದಿನ ನೀರಿಗಿಳಿಸಿದೆವು, ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅದು ತಳ ಮುಟ್ಟಿತ್ತು. ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಮುನಿಶಾಮಿ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಹತ್ತಿರ ಬಂದ. ಹಲಗೆಗಳ ಸಂದಿಗೆ ನೂಲು ತುರುಕಿ, ರಾಳವನ್ನು ಹರಳೆಣ್ಣೆಯಲ್ಲಿ ಕಾಯಿಸಿ ಮೆತ್ತಬೇಕೆಂದು ತೋರಿಸಿಕೊಟ್ಟ. ನೂಲು ತುರುಕುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು, ಅದನ್ನು ಮುಚ್ಚಿದರೆ ಮೊದಲಿನದು. ವಾರದಲ್ಲಿ ಒಂದು ದಿನ ಸವಾರಿ, ಮೂರು ದಿನ ರಿಪೇರಿ. ಅಣ್ಣನಿಗೆ ಎರಡೂ ಒಂದೇ ಸಂತೋಷ. ಅವನು ಆ ಮರದ ಒಂದೊಂದು ಗಂಟನ್ನೂ ಬೆರಳಿನಿಂದ ಬಲ್ಲವನಾಗಿದ್ದ.

ಮುನಿಶಾಮಿ ಅವತ್ತೇ ಇನ್ನೊಂದು ಮಾತನ್ನೂ ಹೇಳಿದ. ನಮ್ಮಿಬ್ಬರಿಗೂ ಹೇಳಿದ, ನಾನು ಕೇಳಿಸಿಕೊಂಡೆ. "ಮರ ನೀರು ಕುಡೀತಾ ಇರ್ಬೇಕಪ್ಪಾ. ಬೇಸ್ಗೇಲಿ ಕಲ್ಲು ಹೇರಿ ತೂಬಿನ ಹತ್ರ ಮುಳುಗಿಸ್ಬಿಡಿ. ದಡದ ಮೇಲಿಟ್ರೆ ಸತ್ತೋಗ್ತದೆ."

ಹಾಯಿಗೆ ಬಟ್ಟೆ ಬೇಕಿತ್ತು. ಯುದ್ಧದ ಕಾಲ, ನೂಲನ್ನು ಅಳೆದು ಕೊಡುತ್ತಿದ್ದರು, ಸೀರೆಗೇ ಸಾಲದು. ಉದ್ದಕ್ಕೆ ಕಟ್ಟಿದ ಹಾಸು ನೇಯ್ದು ಮುಗಿದಾಗ ಮಗ್ಗದಲ್ಲಿ ಗೇಣುದ್ದ ನೂಲು ಉಳಿಯುತ್ತದೆ. ಬೀದಿಯ ಹತ್ತು ಮನೆಗಳಿಂದ ಆ ಕೊನೆಗಳನ್ನು ಬೇಡಿ ತಂದು, ಗಂಟು ಹಾಕಿ, ಅಣ್ಣ ಮೂರು ತಿಂಗಳು ನೇಯ್ದ. ಕೆಂಪು, ಹಸಿರು, ಅರಿಸಿನ, ಯಾವುದಕ್ಕೆ ಯಾವುದೂ ಹೊಂದದ ಬಟ್ಟೆ. ಎರಡು ಕಡೆಗೂ ಮಾತ್ರ ಅಚ್ಚುಕಟ್ಟಾದ ಅಂಚು.

"ಹಾಯಿಗೆ ಅಂಚು ಯಾಕಣ್ಣ?" ಅಂದೆ.

"ಅಂಚಿಲ್ಲದ ಬಟ್ಟೆ ನಂಗೆ ನೇಯಕ್ಕೆ ಬರಲ್ಲ ಕಣೋ."

ಅದಕ್ಕೆ ಗಂಜಿ ಹಾಕಿದವನು ನಾನು. ಈಗ ನಗು ಬರುತ್ತದೆ. ಬಟ್ಟೆ ಎಂದ ಮೇಲೆ ಗಂಜಿ ಇಲ್ಲದೆ ಮನೆಯಿಂದ ಹೊರಗೆ ಕಳಿಸುವುದುಂಟೇ? ಇದೇ ಬಾನಿಯಲ್ಲಿ ರಾಗಿಗಂಜಿ ಮಾಡಿ ಒಂದು ಕೈ ಹೆಚ್ಚಾಗಿಯೇ ಹಾಕಿದೆ. ಹಾಯಿ ಮದುವೆಗಂಡಿನ ಪಂಚೆಯ ಹಾಗೆ ಗರಿಗರಿಯಾಗಿ ನಿಂತಿತು, ಏರಿಯ ಮೇಲಿನ ಜನ ಭಲೆ ಎಂದರು. ದೋಣಿ ನಡುನೀರಿಗೆ ಹೋಗುವಾಗ ಒಂದು ಸಣ್ಣ ಮಳೆ ಬಂತು. ಗಂಜಿಯೆಲ್ಲ ಕರಗಿ ಅಣ್ಣನ ತಲೆಯ ಮೇಲೆ ಇಳಿಯಿತು, ಹಾಯಿ ಸೊಪ್ಪಾಗಿ ಮಡಿಲಿಗೆ ಬಿತ್ತು, ದೋಣಿಯ ಸುತ್ತ ಮೀನುಗಳ ಜಾತ್ರೆ. "ದಿನಾ ಬಂದು ಸುರೀರಪ್ಪಾ," ಎಂದು ಮುನಿಶಾಮಿ ಬಲೆ ಬೀಸುತ್ತಾ ಕೂಗಿದ. ಅಣ್ಣ ಹುಟ್ಟು ಹಾಕಿಕೊಂಡು ದಡಕ್ಕೆ ಬಂದ. ರೆಪ್ಪೆಯ ಮೇಲೆಲ್ಲ ಗಂಜಿ. ನನ್ನ ಮುಖ ನೋಡಿ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗಂಜಿ ಬಿಟ್ಟ ಹಾಯಿ ಸೊಗಸಾಗಿ ಗಾಳಿ ಹಿಡಿಯಿತು. ಎದುರುಗಾಳಿಗೆ ದೋಣಿ ನೆಟ್ಟಗೆ ಹೋಗುವುದಿಲ್ಲ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹೋಗಬೇಕು. ಬೇರೆಯವರಾಗಿದ್ದರೆ ಕಲಿಯಲು ವರ್ಷ ಹಿಡಿಯುತ್ತಿತ್ತೇನೋ. ಅಣ್ಣ ಎರಡನೆಯ ದಿನವೇ "ಇದು ಲಾಳಿ ಕಣೋ" ಅಂದ. ಲಾಳಿ ಅತ್ತ ಇತ್ತ ಓಡಾಡುತ್ತದೆ, ಬಟ್ಟೆ ಮುಂದಕ್ಕೆ ಬೆಳೆಯುತ್ತದೆ. ಆಷಾಢದ ಗಾಳಿಗೆ ಆ ಬಣ್ಣಬಣ್ಣದ ಹಾಯಿ ಆಚೆ ದಡದ ಹುಣಸೆಮರ ಮುಟ್ಟಿ ಬರುವುದನ್ನು ನಾನು ಏರಿಯ ಮೇಲೆ ಸೈಕಲ್ ಹಿಡಿದುಕೊಂಡು ನೋಡುತ್ತಿದ್ದೆ.

ಹೌದು, ಏರಿಯ ಮೇಲೆ. ದೋಣಿಯಲ್ಲಿ ಇಬ್ಬರಿಗೆ ಜಾಗವಿತ್ತು. ಅಣ್ಣನನ್ನು ಎತ್ತಿ ಒಳಗೆ ಕೂರಿಸುವುದು, ದೋಣಿಯನ್ನು ಒಮ್ಮೆ ನೂಕುವುದು, ಅಷ್ಟಕ್ಕೆ ನನ್ನ ಕೆಲಸ ಮುಗಿಯುತ್ತಿತ್ತು. "ನಾನೂ ಬರ್ಲಾ?" ಎಂದು ಒಂದು ಸಲ ಕೇಳಿದೆ. "ಇನ್ನೊಂದಿನ," ಅಂದ. ಆ ಇನ್ನೊಂದು ದಿನ ಬರಲಿಲ್ಲ. ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರ ಹೆಗಲೂ ಇಲ್ಲದೆ ಅವನು ಹೋಗಿ ಬರಬಹುದಾದ ಜಾಗ ಈ ಪ್ರಪಂಚದಲ್ಲಿ ಅದೊಂದೇ. ಗೊತ್ತಿದ್ದರೂ ಹೊಟ್ಟೆಯಲ್ಲಿ ಒಂದು ಉರಿ. ಅವನ ಭಾರ ಹೊತ್ತವನು ನಾನು, ಆ ನೀರಿನ ಮೇಲೆ ಹಗುರಾದಾಗ ಅವನಿಗೆ ನಾನು ಬೇಡ.

ಮೊದಲ ಬೇಸಿಗೆ ಮುನಿಶಾಮಿ ಹೇಳಿದಂತೆ ಕಲ್ಲು ಹೇರಿ ಮುಳುಗಿಸಿದೆವು. ಮಳೆ ಬಂದ ಮೇಲೆ ಎತ್ತಿದರೆ ಒಂದು ತೊಟ್ಟು ಸೋರದ ದೋಣಿ. ಎರಡನೆಯ ಬೇಸಿಗೆಗೆ ಸರಿಯಾಗಿ ಅಣ್ಣನಿಗೆ ವಿಷಮಜ್ವರ ಬಂತು, ಎರಡು ತಿಂಗಳು ಚಾಪೆ ಬಿಟ್ಟು ಏಳಲಿಲ್ಲ. ಜ್ವರದಲ್ಲೇ "ದೋಣಿ ನೋಡ್ಕೊಳ್ಳೋ" ಅಂದ.

ನೋಡಿಕೊಂಡೆ. ಆಗ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದ ಕಾಲ, ಇದ್ದಿಲು ಸುಡುವವರು ಸಿಕ್ಕ ಮರವನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದರು. ಕೆರೆಯ ನೀರು ಇಳಿದು ದೋಣಿಯ ತುದಿ ಕಾಣಿಸಿದರೆ ಗತಿಯೇನು ಎಂದುಕೊಂಡು ಗಾಡಿ ಕಟ್ಟಿಸಿ ಅದನ್ನು ಮನೆಗೇ ತಂದೆ. ಮಗ್ಗದ ಪಕ್ಕದಲ್ಲಿ ಹಲಗೆ ಹಾಸಿ ಇಟ್ಟು, ಒಣಬಟ್ಟೆಯಲ್ಲಿ ಒರೆಸಿ, ಹೊರಮೈಗೆ ಎಣ್ಣೆ ಹಚ್ಚಿದೆ. ಮುನಿಶಾಮಿಯ ಮಾತು ನೆನಪಿರಲಿಲ್ಲವೇ ಎಂದರೆ, ಇತ್ತು. ಮನೆಯೊಳಗಿನ ನೆರಳಲ್ಲಿ ಅದೇನಾದೀತು ಎಂದುಕೊಂಡೆ. ಬಿಸಿಲುಗಾಲಕ್ಕೆ ನೂಲು ಒಣಗಿ ತುಂಡಾಗುತ್ತದೆಂದು ದಿನಾ ಮಗ್ಗದ ಕುಳಿಗೆ ನೀರು ಚಿಮುಕಿಸುವವನು ನಾನೇ. ನಾಲ್ಕು ಮೊಳ ದೂರದಲ್ಲಿದ್ದ ಹಲಗೆಗೂ ಅದೇ ಬಾಯಾರಿಕೆ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಇದನ್ನು ಅತ್ತಿಗೆಗೂ ಹೇಳಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ಆ ದೋಣಿಯೊಳಗೆ ಹೋಗಿ ಕೂರುತ್ತಿದ್ದೆ. ಹಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ಎದುರಿನ ಗೋಡೆ ನೋಡುತ್ತಾ. ಕಳ್ಳರ ಭಯ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಎರಡು ತಿಂಗಳ ಮಟ್ಟಿಗೆ ಆ ದೋಣಿ ನನ್ನದಾಗಿತ್ತು.

ಅಣ್ಣ ಎದ್ದು, ನನ್ನ ಹೆಗಲು ಹಿಡಿದು ಬಂದು, ದೋಣಿಯ ಪಕ್ಕ ಕೂತ. ಕಿಟಕಿಯ ಬೆಳಕು ಹಲಗೆಗಳ ಸಂದಿಯಲ್ಲಿ ಈ ಕಡೆಯಿಂದ ಆ ಕಡೆಗೆ ಕಾಣುತ್ತಿತ್ತು. ತಳದ ಹಲಗೆಯೊಂದು ಮೊಳದುದ್ದ ಸೀಳಿತ್ತು. ಅವನು ಆ ಸೀಳಿನ ಮೇಲೆ ಬೆರಳು ಆಡಿಸಿದ. "ಬೈಯಣ್ಣ," ಅಂದೆ. ಅವನು ಬೈಯಲಿಲ್ಲ. "ನೀರಿಗೆ ಹಾಕೋಣ, ನೋಡೋಣ," ಅಂದ.

ಎಂಟು ದಿನ ಮುಳುಗಿಸಿಟ್ಟೆವು. ಸಂದಿಗಳು ಮುಚ್ಚಿಕೊಂಡವು, ಸೀಳು ಮುಚ್ಚಲಿಲ್ಲ. ನೂಲು, ರಾಳ, ಎಲ್ಲ ತುರುಕಿದೆವು. ಅರ್ಧ ಕೆರೆ ದಾಟುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು ಬಂದೇ ಬರುತ್ತಿತ್ತು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ನೀರೆತ್ತಿ ಹಾಕಲು ಮೂರನೆಯ ಕೈ ಬೇಕು. ಕೊನೆಗೆ ಒಂದು ದಿನ ಅಣ್ಣ ದೋಣಿಯಲ್ಲಿ ಕೂತು ಆಚೆ ದಡದ ಕಡೆ ನೋಡಿದ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಇನ್ನು ಒಬ್ನೇ ಹೋಗಕ್ಕಾಗಲ್ಲ. ಬಾ, ಕೂತ್ಕೊ. ಚೊಂಬು ತಂದಿದ್ದೀಯಾ?"

ಹೀಗೆ ನಾನು ಆ ದೋಣಿ ಹತ್ತಿದೆ. ಮೂರು ವರ್ಷ ಹತ್ತಿದೆ. ನೀರು ಎತ್ತಿ ಹಾಕುತ್ತಾ ಬೆನ್ನು ನೋಯುತ್ತಿತ್ತು, ಕಾಲು ಸದಾ ಹಸಿ. ಆದರೂ ಹಾಯಿ ಗಾಳಿ ತುಂಬಿಕೊಂಡು ದೋಣಿ ಓರೆಯಾದಾಗ ಕೈಗೆಟಕುವಷ್ಟು ಹತ್ತಿರದಲ್ಲಿ ನೀರು ಓಡುವುದಿದೆಯಲ್ಲ, ಅದನ್ನು ಕಂಡವರಿಗೇ ಗೊತ್ತು. ಮನೆಯಲ್ಲಿ ಮುಖ ಕೊಟ್ಟು ಮಾತಾಡದ ಅಣ್ಣ ಅಲ್ಲಿ ಮಾತಾಡುತ್ತಿದ್ದ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ದಿನಗಳು ಬೇರೆ ಇಲ್ಲ, ಹೇಳಿಬಿಡುತ್ತೇನೆ. ಅವನ ಒಂದೇ ಒಂದು ಸ್ವಾತಂತ್ರ್ಯವನ್ನು ಕಳೆದು ಪಡೆದುಕೊಂಡ ಸುಖ ಅದು. ಅದನ್ನೂ ಹೇಳಿಬಿಡುತ್ತೇನೆ.

ಕೊನೆಯ ವರ್ಷದ ಒಂದು ಸಂಜೆ ತಡೆಯಲಾರದೆ ಕೇಳಿದೆ. "ಅಣ್ಣ, ಅವತ್ತು ನಾನು ದೋಣೀನ ನೀರಲ್ಲೇ ಬಿಟ್ಟಿದ್ರೆ..."

ಅವನು ಹಾಯಿ ನೋಡುತ್ತಿದ್ದ. "ಸೋರ್ಲಿ ಬಿಡೋ," ಅಂದ. "ಸೋರ್ದೇ ಇದ್ದಿದ್ರೆ ನೀನೆಲ್ಲಿ ಬರ್ತಿದ್ದೆ?"

ಅಷ್ಟರಲ್ಲಿ ದಡ ಬಂತು, ನಾನು ಇಳಿದು ದೋಣಿ ಎಳೆದೆ. ಉತ್ತರ ಹೇಳಲಿಲ್ಲ. ಅದು ಕ್ಷಮಿಸಿದ ಮಾತೋ, ಚುಚ್ಚಿದ ಮಾತೋ ಎಂದು ಆಮೇಲೆ ಎಷ್ಟು ವರ್ಷ ಯೋಚಿಸಿದೆನೋ. ಮುಳುಗಿಸಿಟ್ಟ ದೋಣಿ ಮುಂದಿನ ಮಳೆಗೆ ಮೇಲೇಳಲಿಲ್ಲ, ಸೀಳಿದ ತಳ ಕೊಳೆತುಹೋಗಿತ್ತು. ಅದರ ಒಂದು ಗಟ್ಟಿ ಹಲಗೆಯನ್ನು ಕಿತ್ತು ತಂದು ಅಣ್ಣ ಮಗ್ಗದಲ್ಲಿ ಕೂರುವ ಮಣೆ ಮಾಡಿಕೊಂಡ. ಸಾಯುವವರೆಗೂ ಅದರ ಮೇಲೆಯೇ ಕೂತು ನೇಯ್ದ.

ಸೊಸೆಯ ಬಾನಿಗೆ ಬರುತ್ತೇನೆ. ನಾನು ಅದರ ಪಕ್ಕ ಮಣೆ ಹಾಕಿಕೊಂಡು ಕೂತು ಚೊಂಬು ಚೊಂಬಾಗಿ ನೀರು ಹುಯ್ದೆ. ಸೋರಿತು, ಮತ್ತೆ ಹುಯ್ದೆ. ಮೂರನೆಯ ದಿನ ಬೆಳಗ್ಗೆ ಬಾನಿಯ ಸುತ್ತ ನೆಲ ಒಣಗಿತ್ತು. "ನಿಂತ್ಬಿಡ್ತಲ್ಲ ಮಾವ!" ಎಂದು ಸೊಸೆ ಬೆರಗಾದಳು. ಅವಳು ಒಳಗೆ ಹೋದ ಮೇಲೂ ನಾನು ಚೊಂಬು ಹಿಡಿದುಕೊಂಡು ಕೂತೇ ಇದ್ದೆ. ತುಂಬಿದ ಬಾನಿಯ ನೀರು ಅಲ್ಲಾಡದೆ ನಿಂತಿತ್ತು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಗಟ್ಟಿಯಾಗಿಯೇ ಹೇಳಿದೆ: "ಸೋರ್ದೇ ಇದ್ದಿದ್ರೂ ಬರ್ತಿದ್ದೆ ಅಣ್ಣ. ನೀನು ಕರೀಬೇಕಾಗಿತ್ತು."