ಅಜ್ಜಿಯ ಮೂರು ಸುತ್ತು

ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ನಾನು ಇದ್ದಲ್ಲೇ ನಿಂತುಬಿಡುತ್ತೇನೆ. ತಿರುಮಕೂಡಲಿನ ನಮ್ಮ ತೊಟ್ಟಿಮನೆಯಲ್ಲಿ, ಎಂಟೊಂಬತ್ತು ವರ್ಷದ ಹುಡುಗಿ ನಾನು, ಅಜ್ಜಿಯ ಊದಿದ ಮಂಡಿಗಳಿಗೆ ದಿನವೂ ಆ ಎಣ್ಣೆ ತಿಕ್ಕುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥ ಮಂಡಿಯ ಅಜ್ಜಿಯೊಬ್ಬಳು ಇದ್ದಿರಬೇಕು. ನಮ್ಮ ಬೀದಿಯ ಮುಕ್ಕಾಲು ಪಾಲು ಕೂಸುಗಳಿಗೆ ನೀರು ಹಾಕಿ ಬೆಳೆಸಿದವಳು ಅವಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಅವಳು ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗಿತ್ತು. ಅಂಥ ಹೊತ್ತಿನಲ್ಲೇ ನನ್ನ ಅಕ್ಕ ಬಸುರಿಯಾದ ಸುದ್ದಿ ಬಂತು. ಮನೆಗೆ ಮೊದಲ ಮರಿಮಗು. ಕೂಸಿಗೆ ನೀರು ಹಾಕಲು ಅಜ್ಜಿಯ ನಾದಿನಿ ನಂಜಮ್ಮ ಬರಲಿ ಎಂದು ಅವ್ವ ಸದ್ದಿಲ್ಲದೆ ನಂಜನಗೂಡಿಗೆ ಹೇಳಿಕಳಿಸಿದಳು. ಅದು ತಿಳಿದ ದಿನ ಅಜ್ಜಿ ಊಟಕ್ಕೇಳಲಿಲ್ಲ.

ದಿನಾ ನಡೆಯದಿದ್ದರೆ ಮಂಡಿ ಇನ್ನೂ ಬಿಗಿಯುತ್ತದೆ ಎಂದು ಮದ್ದು ಕೊಡುವ ಪಂಡಿತರು ಮೊದಲೇ ಹೇಳಿದ್ದರು. ಆದರೆ ಕೆಲಸವಿಲ್ಲದೆ ಬೀದಿಯಲ್ಲಿ ಅಡ್ಡಾಡುವ ಹೆಂಗಸನ್ನು ಮಹಾರಾಜರ ಕಾಲದ ನಮ್ಮೂರು ಸುಮ್ಮನೆ ಬಿಡುತ್ತಿತ್ತೇ? ಅಜ್ಜಿ ದೇವರ ಹೆಸರು ಹಿಡಿದಳು. ಅರಳೀಕಟ್ಟೆಗೆ ದಿನಕ್ಕೆ ನೂರೆಂಟು ಸುತ್ತು ಎಂದು ಹರಕೆ ಹೊತ್ತು, ಮೊದಲ ದಿನವೇ ಹಲ್ಲು ಕಚ್ಚಿ ನೂರೆಂಟನ್ನೂ ಮುಗಿಸಿ ಬಂದಳು. ಆಮೇಲೆ ಹತ್ತು ದಿನ ಚಾಪೆ ಬಿಟ್ಟು ಏಳಲಿಲ್ಲ. ಗೋಡೆಗೆ ಮುಖ ಮಾಡಿ ಅವಳು ಅಳುತ್ತಿದ್ದುದನ್ನು ನೋಡಿ ನನಗೂ ಅಳು ಬಂತು.

ಅವಳನ್ನು ಎಬ್ಬಿಸಿದ್ದು ಪಕ್ಕದ ಮನೆಯ ಗೆಳತಿ ಸಿದ್ದಮ್ಮ. "ದ್ಯಾವ್ರು ನಿನ್ನ ಮಂಡಿ ಮುರಿಯಾಕೆ ಕಾಯ್ಕೊಂಡು ಕುಂತಿಲ್ಲ ಕಣಕ್ಕ. ಮೂರೇ ಸುತ್ತು ಸಾಕು, ನಾನೂ ಬತ್ತೀನಿ," ಎಂದಳು. ಮಾತಿನಲ್ಲಿ ಅವಳದು ಎತ್ತಿದ ಕೈ. ಸುತ್ತಲು ಶುರುಮಾಡಿದೊಡನೆ ತನ್ನ ಅತ್ತೆಮನೆಯ ಕತೆ ತೆಗೆದಳು. ಅತ್ತೆ ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚಿ ಒಳಗೆ ಕೈ ಹಾಕುವ ಹೊತ್ತಿಗೆ ಮೂರು ಸುತ್ತು ಮುಗಿಯಿತು. "ಆಮ್ಯಾಕೆ ಏನಾಯ್ತೇ?" ಎಂದು ಅಜ್ಜಿ ಕೇಳಿದರೆ, "ಅದು ನಾಳೀಕೆ," ಎಂದು ಹೊರಟೇಬಿಟ್ಟಳು. ಅಜ್ಜಿ ಮನೆಯವರೆಗೂ ಅವಳನ್ನು ಬೈದುಕೊಂಡೇ ಬಂದಳು. ಆದರೆ ಮಾರನೆಯ ಬೆಳಿಗ್ಗೆ ಸಿದ್ದಮ್ಮನಿಗಿಂತ ಮೊದಲೇ ಸಿದ್ಧವಾಗಿ ಜಗಲಿಯ ಮೇಲೆ ಕೂತಿದ್ದಳು. ಮೂರು ಸಲೀಸಾದ ಮೇಲೆ ನಾಲ್ಕು, ಆಮೇಲೆ ಐದು. ಹುರುಪು ಬಂದು ಅಜ್ಜಿ ಇನ್ನೊಂದು ಸುತ್ತಿಗೆ ಹೊರಟರೆ ಸಿದ್ದಮ್ಮ ಕಟ್ಟೆಯ ಮೇಲೆ ಕೂತು ಬಾಯಿ ಮುಚ್ಚಿಬಿಡುತ್ತಿದ್ದಳು. ಮಳೆ ಬಂದ ದಿನ ತೊಟ್ಟಿಯ ಕಂಬಗಳನ್ನೇ ಸುತ್ತುತ್ತಿದ್ದರು, ಹಿಂದೆ ನಾನು. ಅರಳೀಮರ ಸುತ್ತುವವರು ಮಕ್ಕಳಾಗದವರಲ್ಲವೇ, ನೀರಿಗೆ ಬಂದ ಹೆಂಗಸರು ನಗುತ್ತಾ ಕೇಳಿದರು: "ಏನಜ್ಜೀ, ಈ ವಯಸ್ನಲ್ಲಿ ಮಕ್ಕಳ ಅರಕೆಯಾ?" ಅಜ್ಜಿ ನಿಲ್ಲದೆ, "ಊಂ ಕಣ್ರವ್ವ, ಕೂಸಿಗೇ ಸುತ್ತುತಿರೋದು," ಎಂದಳು. ಅಕ್ಕನಿಗೆ ದಿನ ತುಂಬುವ ಹೊತ್ತಿಗೆ ಅಜ್ಜಿ ಇಪ್ಪತ್ತೊಂದು ಸುತ್ತಿಗೆ ಬಂದಿದ್ದಳು. ನೂರೆಂಟರ ಮಾತನ್ನು ಮತ್ತೆ ಎತ್ತಲಿಲ್ಲ.

ಗಂಡುಕೂಸು ಹುಟ್ಟಿದ ಮಾರನೆಯ ದಿನ ನಂಜಮ್ಮ ಗಾಡಿಯಿಂದ ಇಳಿದವಳೇ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಬಂದಳು. ಅಲ್ಲಿ ಅಜ್ಜಿ ಆಗಲೇ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ.

"ಕುಂತ್ಕಂಡ್ರೆ ಆಯ್ತಾ ಅತ್ಗೆ, ಮೇಲಕ್ಕೆ ಎಬ್ಬಿಸೋರು ಯಾರು?"

"ನೀರು ತೋಡು ನಂಜಿ," ಎಂದಳು ಅಜ್ಜಿ.

ನೀರು ಬೀಳುತ್ತಲೇ ಕೂಸು ಕಿರುಚಿತು, ಅಜ್ಜಿಯ ಕೈ ಬೆನ್ನಿಗೆ ತಾಗಿದ ಮೇಲೆ ತಣ್ಣಗಾಯಿತು. ಮಿಂದ ಕೂಸನ್ನು ನಂಜಮ್ಮನ ಕೈಗೆ ಕೊಟ್ಟು ಅಜ್ಜಿ ಒಂದು ಕಾಲು ಮಡಿಸಿದಳು, ಇನ್ನೊಂದು ಮಡಿಸಿದಳು. ನಾನು ಹಿಡಿಯಲು ಓಡಿದೆ. "ದೂರ ನಿಂತ್ಕೊ ಮಗ," ಎಂದು ನೆಲಕ್ಕೆ ಅಂಗೈ ಊರಿ, ಗೋಡೆಯನ್ನೂ ಮುಟ್ಟದೆ ಎದ್ದು ನಿಂತಳು. ಬಾಗಿಲಲ್ಲಿದ್ದ ಸಿದ್ದಮ್ಮ ಜೋರಾಗಿ ನಕ್ಕಳು. ನಂಜಮ್ಮನೂ ನಕ್ಕಳು. ಅಂಥ ಹಿಗ್ಗು ನನಗೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಆ ಮನೆ ಈಗಿಲ್ಲ, ಅವರು ಯಾರೂ ಇಲ್ಲ. ಆದರೆ ಆ ದಿನದಿಂದ ಒಂಬತ್ತು ವರ್ಷ ನಮ್ಮ ಬೀದಿಯ ಯಾವ ಕೂಸಿಗೂ ಬೇರೆಯವರು ನೀರು ಹಾಕಲಿಲ್ಲ. ಅಜ್ಜಿ ಕೊನೆಯದಾಗಿ ಕಾಲ ಮೇಲೆ ಮಲಗಿಸಿಕೊಂಡದ್ದು ನನ್ನ ಮಗಳನ್ನು.