ಹದಿನಾರರ ಲೆಕ್ಕ, ಅಕ್ಕನ ಕೈ

ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಡಿಸೈನ್ ಓದಿ ಹೇಳುವ ಎಲೆಕ್ಟ್ರಾನಿಕ್ ಬೋರ್ಡು ಮಾಡುವುದು ನನ್ನ ಕೆಲಸ. ಅದರೊಳಗಿನ ಪ್ರೊಸೆಸರು ಡಿಸೈನಿನ ಪ್ರತಿ ಸಾಲನ್ನೂ ಒಂದೊಂದೇ ಬೈಟಿನಂತೆ ನಕಲು ಮಾಡುತ್ತಿತ್ತು. ಅಷ್ಟು ಹೊತ್ತು ಮಗ್ಗ ಕಾಯಬೇಕಿತ್ತು. ಹದಿನಾರು ಬೈಟನ್ನು ಒಂದೇ ಸಲ ಎತ್ತುವ ತಾಕತ್ತು ಆ ಪ್ರೊಸೆಸರಿಗಿದೆ ಎಂದು ತಿಳಿದು, ನಕಲಿನ ಕೋಡನ್ನು ಹೊಸದಾಗಿ ಬರೆದೆ. ಸಾಲಿನ ಕೊನೆಯಲ್ಲಿ ಹದಿನಾರಕ್ಕಿಂತ ಕಡಿಮೆ ಉಳಿದರೂ ಪೂರ್ತಿ ಹದಿನಾರೇ ಎತ್ತಿಹಾಕು ಎಂದೆ. ಭಾರೀ ಜಾಣ ನಾನು! ಮೇಜಿನ ಮೇಲೆ ಪರೀಕ್ಷಿಸಿದ ಡಿಸೈನುಗಳೆಲ್ಲ ಹದಿನಾರರ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿದ್ದವು.

ಬೆಳಿಗ್ಗೆ ಅದನ್ನು ನೇಯುವ ಅಕ್ಕನೊಬ್ಬರ ಮಗ್ಗಕ್ಕೆ ಹಾಕಿದೆ. ಮಗ್ಗ ಎಲ್ಲೂ ತಡೆಯದೆ ಓಡಿತು.

"ಅಂಚಿಗೆ ಇನ್ನೊಂದ್ ಸಾಲು ಮಾವಿನಕಾಯಿ ಸೇರಿಸ್ಕೊಂಡಿದ್ದೀನಿ, ನೋಡಪ್ಪಾ, ಚೆನ್ನಾಗ್ ಬರ್ತಾ ಐತೆ" ಎಂದರು. ನಾನು ಬೀಗುತ್ತಾ ಟೀ ಕುಡಿಯಲು ಬೀದಿಗೆ ಬಂದೆ.

ಅರ್ಧ ಲೋಟ ಕುಡಿದಾಗ ಆ ಮಾವಿನಕಾಯಿ ಸಾಲು ನೆನಪಾಯಿತು. ಅದು ಸೇರಿದರೆ ಡಿಸೈನಿನ ಪ್ರತಿ ಸಾಲೂ ಉದ್ದವಾಗಿ, ಲೆಕ್ಕ ಹದಿನಾರಕ್ಕೆ ಕೂರುವುದಿಲ್ಲ. ನನ್ನ ಕೋಡು ಗಡಿ ದಾಟಿ ಪಕ್ಕದ ಬೈಟುಗಳ ಮೇಲೂ ಬರೆಯುತ್ತದೆ. ಪಕ್ಕದಲ್ಲೇ ಇರುವುದು, ಮಗ್ಗ ನಿಂತಿರಲಿ ಎಂದು ಹೇಳುವ ಗುರುತು. ಮಗ್ಗ ನಿಂತಾಗಲೂ ಬೋರ್ಡು ಮುಂದಿನ ಸಾಲುಗಳನ್ನು ನಕಲು ಮಾಡಿಟ್ಟುಕೊಳ್ಳುತ್ತದೆ. ಆಗ ಗುರುತು ಅಳಿದರೆ ಮಗ್ಗ ತಾನಾಗಿಯೇ ಶುರುವಾಗಿ ಹೊಡೆಯುತ್ತದೆ. ಇಲ್ಲಿಯವರು ಎಳೆ ಕಡಿದರೆ ಮೇನ್ ಸ್ವಿಚ್ ತೆಗೆಯುವುದಿಲ್ಲ, ತೆಗೆದರೆ ಡಿಸೈನ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಟನ್ ಒತ್ತಿ ನಿಲ್ಲಿಸಿ, ಒಳಗೆ ಕೈ ಹಾಕಿ ಗಂಟು ಕಟ್ಟುತ್ತಾರೆ.

ಓಡಿದೆ. ಅಕ್ಕನ ಮಗ್ಗ ನಿಂತಿತ್ತು. ಅವರ ಕೈ ಮಣಿಕಟ್ಟಿನವರೆಗೂ ಎಳೆಗಳ ನಡುವೆ ಇತ್ತು. ಕೂಗಿದೆ. ಉಳಿದ ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗೋಡೆಯ ಮೇನ್ ಸ್ವಿಚ್ಚನ್ನು ಎಳೆದುಬಿಟ್ಟೆ. ಎಲ್ಲ ಮಗ್ಗಗಳೂ ನಿಂತವು.

"ಏನಪ್ಪಾ, ಎಲ್ಲಾ ಹಾಳ್ ಮಾಡ್ಬಿಟ್ಟೆಯಲ್ಲಾ!" ಎಂದು ಅಕ್ಕ ರೇಗಿದರು.

ಇದ್ದದ್ದನ್ನು ಹೇಳಿದೆ. ಅವರು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿಕೊಂಡರು.

ಕೊನೆಯಲ್ಲಿ ಉಳಿದದ್ದನ್ನು ಒಂದೊಂದೇ ಬೈಟಾಗಿ ಎತ್ತುವಂತೆ ತಿದ್ದಿ, ಎಲ್ಲ ಅಳತೆಯಲ್ಲೂ ಪರೀಕ್ಷಿಸಿ, ಮುಂದಿನ ವಾರ ಮತ್ತೆ ಹೋದೆ. ಅಕ್ಕ ಮಗ್ಗ ಓಡಿಸಿದರು, ಬಟನ್ ಒತ್ತಿ ನಿಲ್ಲಿಸಿದರು, ಬೇಕೆಂದೇ ಒಂದು ಎಳೆ ಕಿತ್ತರು.

"ಸರಿಯಾಗೈತಾ?"

"ಆಗಿದೆ ಅಕ್ಕಾ."

"ಹಂಗಾದ್ರೆ ನೀನೇ ಕೈ ಹಾಕಿ ಕಟ್ಟು."

ಕೈ ಮುಂದೆ ಹೋಗಲಿಲ್ಲ. ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಆದರೆ ಹೋದ ಸಲವೂ ಗೊತ್ತಿತ್ತಲ್ಲ. ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಬಳಿ ಹೋಗಿ, ಮೇನ್ ಸ್ವಿಚ್ ಹಿಡಿದು ನಿಂತರು.

"ಹಾಕಪ್ಪಾ, ನಾನಿದ್ದೀನಿ."