ಉಳಿಸಿಟ್ಟ ಎರಡು ಪುಟ

೨೦೦೨ರ ಜನವರಿ, ಒಂದು ಸೋಮವಾರ. ಬೈಲಹೊಂಗಲದ ನನ್ನ ಇಂಟರ್‌ನೆಟ್ ಕೇಂದ್ರದ ದಿನಚರಿಯಲ್ಲಿ ಆ ದಿನದ ಕೆಲಸಗಳನ್ನು ಹೀಗೆ ಬರೆದಿದ್ದೇನೆ: ಕಸ ಹೊಡೆದು ಊದಿನಕಡ್ಡಿ ಹಚ್ಚಿದ್ದು. ನಾಲ್ಕೂ ಕಂಪ್ಯೂಟರ್ ಒರೆಸಿದ್ದು. ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ್ದು. ಮುರಗೋಡದ ಮಾಸ್ತರರ ಅರ್ಜಿ ಟೈಪ್ ಮಾಡಿದ್ದು. ಸವದತ್ತಿಯ ಹುಡುಗಿಗೆ ನರ್ಸಿಂಗ್ ಕಾಲೇಜು ಹುಡುಕಿಕೊಟ್ಟಿದ್ದು. ಕಿತ್ತೂರಿನ ಮೆಹಬೂಬಸಾಬರಿಗೆ ಎರಡು ಪುಟ ಪ್ರಿಂಟ್ ಕೊಟ್ಟಿದ್ದು. ಪ್ರಿಂಟರಿನ ರಿಬ್ಬನ್ ಬದಲಿಸಿದ್ದು.

ಆರನೆಯ ಕೆಲಸಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ. ತಪ್ಪು ಆದದ್ದು ಅಲ್ಲಿಯೇ.

ಮೆಹಬೂಬಸಾಬ ಟೆಂಪೊ ಚಾಲಕರು. ಅವರ ಮಗಳು ಶಾಹೀನಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕಿವಿಯೊಳಗೆ ಯಂತ್ರ ಕೂಡಿಸುವ ಶಸ್ತ್ರಕ್ರಿಯೆಯನ್ನು ಪುಣೆಯ ಒಂದು ಟ್ರಸ್ಟ್ ಬಿಟ್ಟಿಯಾಗಿ ಮಾಡಿಸುತ್ತಿತ್ತು. ಅರ್ಜಿ ಅಂಚೆಯಲ್ಲೇ ಬರಬೇಕು, ಕರೆ ಬಂದ ಮೇಲಷ್ಟೇ ಹೋಗಬೇಕು, ಮಗುವಿಗೆ ಐದು ವರ್ಷ ತುಂಬಿರಬಾರದು. ಶಾಹೀನಳಿಗೆ ಐದು ತುಂಬಲು ಇನ್ನೂ ಐದು ತಿಂಗಳಿತ್ತು.

ಆಗ ನಮ್ಮಲ್ಲಿ ಇಂಟರ್‌ನೆಟ್ ಬರುತ್ತಿದ್ದುದು ಫೋನ್ ತಂತಿಯ ಮೇಲೆ. ಒಂದು ಪುಟ ತೆರೆಯುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಅದಕ್ಕೇ ನಾನೊಂದು ರೂಢಿ ಮಾಡಿಕೊಂಡಿದ್ದೆ. ಜನ ಪದೇ ಪದೇ ಕೇಳುವ ಪುಟಗಳನ್ನು ಒಮ್ಮೆ ಹುಡುಕಿ, ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಬೇಕೆಂದಾಗ ಪ್ರಿಂಟ್ ತೆಗೆಯುವುದು. ಮನೆಯಲ್ಲಿ ಉಪ್ಪಿನಕಾಯಿ ಹಾಕಿಡುವವಳಿಗೆ ಅದೇನೂ ಹೊಸ ವಿದ್ಯೆಯಲ್ಲ. ಟ್ರಸ್ಟಿನ ಪುಟವನ್ನು ಉಳಿಸಿ ಒಂದು ವರ್ಷವಾಗಿತ್ತು.

ಸರ್ಚ್ ಎಂಜಿನ್ನುಗಳ ಪೈಪೋಟಿ ಜೋರಾಗಿದ್ದ ಕಾಲ ಅದು. ನಾನು ಕಲಿತ ಹಳೆಯ ಎಂಜಿನ್ ನಾವು ಬರೆದ ಶಬ್ದ ಯಾವ ಪುಟದಲ್ಲಿ ಹೆಚ್ಚು ಸಲ ಬಂದಿದೆಯೋ ಅದನ್ನು ಮೇಲಕ್ಕೆ ತರುತ್ತಿತ್ತು. ಹೊಸದೊಂದು ಬಂದಿತ್ತು. ಅದು ಒಂದು ಪುಟದ ಕಡೆಗೆ ಬೇರೆ ಎಷ್ಟು ಪುಟಗಳು ಬೊಟ್ಟು ಮಾಡಿವೆ ಎಂದು ನೋಡುತ್ತಿತ್ತು. ಮೇಲಿಂದ ಮೇಲೆ ತಿರುಗಿ ಹೊಸ ಪುಟಗಳನ್ನು ಸೇರಿಸಿಕೊಳ್ಳುತ್ತಿತ್ತು. ಎದುರಿನ ಇಂಟರ್‌ನೆಟ್ ಅಂಗಡಿಯ ಈರಣ್ಣ ಅದನ್ನೇ ಹಿಡಿದಿದ್ದ. “ಒಮ್ಮೆ ಬಂದರ ನೋಡ್ರಿ ಅಕ್ಕಾರ” ಎಂದು ನಾಲ್ಕಾರು ಸಲ ಕರೆದಿದ್ದ.

“ಬರೇ ಬಿಳೀ ಪುಟಾ, ನಡುವ ಒಂದು ಡಬ್ಬಿ. ತೊಳದಿಟ್ಟ ಪಾಟಿ ಇದ್ದಂಗೈತಿ. ಅದ್ರಾಗೇನ್ ನೋಡೂದೋ?” ಎಂದು ನಕ್ಕು ಕಳಿಸಿದ್ದೆ.

ಮೆಹಬೂಬಸಾಬ ಆ ಸೋಮವಾರವೇ ಅರ್ಜಿ ಹಾಕಿದರು. ಮಾರ್ಚಿನಲ್ಲಿ ಬಂದು ಕೇಳಿದರು: “ಅಕ್ಕಾರ, ಇನ್ನೂ ಜವಾಬ್ ಇಲ್ರಿ. ವಿಳಾಸ ಬರೋಬ್ಬರಿ ಐತಲ್ರಿ?”

“ದೊಡ್ಡ ಸಂಸ್ಥೆರಿ, ತಡಾ ಆಗತೈತಿ” ಎಂದೆ. ಮೇ ತಿಂಗಳಲ್ಲೂ ಅದನ್ನೇ ಅಂದೆ. ಎರಡೂ ಸಲ ಕಂಪ್ಯೂಟರ್ ನನ್ನ ಮುಂದೆಯೇ ಇತ್ತು, ಫೋನ್ ತಂತಿಯೂ ಖಾಲಿ ಇತ್ತು. ಮತ್ತೆ ಹುಡುಕಲಿಲ್ಲ.

ಜೂನಿನಲ್ಲಿ ಪುಣೆಗೆ ಬೆಲ್ಲದ ಲೋಡು ಸಿಕ್ಕಾಗ ಅವರೇ ಆ ವಿಳಾಸಕ್ಕೆ ಹೋದರು. ಬಾಗಿಲಿಗೆ ಬೀಗ. ಟ್ರಸ್ಟ್ ಎದ್ದು ಹೋಗಿ ಎಂಟು ತಿಂಗಳಾಯಿತೆಂದು ಕಾವಲುಗಾರ ಹೇಳಿದ. ಬಾಗಿಲ ಸಂದಿಯಿಂದ ನೋಡಿದರೆ ಒಳಗೆ ಕಾಗದಗಳ ಗುಡ್ಡೆ ಬಿದ್ದಿತ್ತಂತೆ.

ಮರುದಿನ ಮಗಳನ್ನು ಎತ್ತಿಕೊಂಡೇ ನನ್ನ ಅಂಗಡಿಗೆ ಬಂದರು. ಪ್ಲಾಸ್ಟಿಕ್ ಚೀಲದಿಂದ ಆ ಎರಡು ಪುಟ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆ ಕೂಡ ಮಾಸಿರಲಿಲ್ಲ, ಅಷ್ಟು ಜೋಪಾನ ಮಾಡಿದ್ದರು.

ಆಗ ಹಳೆಯ ಎಂಜಿನ್ನಿನಲ್ಲಿ ಹುಡುಕಿದೆ. ಅದೇ ಪುಣೆಯ ಪುಟ ಬಂತು. ಎದ್ದು ರಸ್ತೆ ದಾಟಿದೆ.

“ಏನ್ರಿ ಅಕ್ಕಾರ, ಹಳೇ ಗಾಡಿ ಪಂಕ್ಚರಾತೇನ್ರಿ?” ಎಂದ ಈರಣ್ಣ, ಹಿಂದೆ ನಿಂತ ಮೆಹಬೂಬಸಾಬರ ಮುಖ ನೋಡಿ ಕುರ್ಚಿ ಬಿಟ್ಟುಕೊಟ್ಟ.

ಟ್ರಸ್ಟಿನ ಹೆಸರು ಬರೆದೆ. ಮೊದಲನೆಯ ಸಾಲಿನಲ್ಲೇ ಹೊಸ ವಿಳಾಸ ಬಂತು. ಹುಬ್ಬಳ್ಳಿ. ಕಿತ್ತೂರಿನಿಂದ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದ ಊರು.

ಈರಣ್ಣನ ಅಂಗಡಿಯಿಂದಲೇ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಹುಟ್ಟಿದ ತಾರೀಖು ಕೇಳಿ ಬರೆದುಕೊಂಡಳು. ಆಮೇಲೆ, “ಐದು ತುಂಬಿ ಹತ್ತೊಂಬತ್ತು ದಿನಾ ಆಗೇತಲ್ರಿ” ಎಂದಳು. ಬೇಡಿಕೊಂಡೆ. “ನನ್ನ ಕೈಯಾಗ ಇಲ್ರಿ ಬಾಯಾರ” ಎಂದಳು. ಮೆಹಬೂಬಸಾಬರು ತಾವೇ ಫೋನ್ ಇಸಿದುಕೊಂಡು, “ಮೇಡಮ್ಮಾರ, ಜನವರಿದಾಗ ಹಾಕೇನ್ರಿ ಅರ್ಜಿ” ಎಂದರು. ಅದು ಬಿದ್ದದ್ದು ಪುಣೆಯ ಬೀಗದ ಹಿಂದೆ.

“ನೀವೇನ್ ಬೇಕಂತ ಮಾಡೀರೇನ್ರಿ ಅಕ್ಕಾರ. ಕಾಗದಾ ಹಳೇದಿತ್ತು” ಎಂದರು ನನಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ನಾನು ಕೊಟ್ಟ ಪ್ರತಿ ಪ್ರಿಂಟಿನ ಮೂಲೆಯಲ್ಲಿ, ಅದನ್ನು ಹುಡುಕಿದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದೆ. ಉಳಿಸಿಟ್ಟದ್ದನ್ನೆಲ್ಲ ಅಳಿಸಿದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮಾಹಿತಿಗೂ ಹಳಸುವ ದಿನವಿದೆ, ಆದರೆ ಹಳಸಿದರೂ ವಾಸನೆ ಬರುವುದಿಲ್ಲ. ಎಂಜಿನ್ನುಗಳು ಒಂದನ್ನೊಂದು ಸೋಲಿಸಲು ಹೋಗಿ ಸುಧಾರಿಸಿದವು. ನಾನು ಸುಧಾರಿಸಲು ಒಂದು ಮಗುವಿನ ಐದು ತಿಂಗಳು ಬೇಕಾಯಿತು.

ಆ ದಿನ ಅವರನ್ನು ಹಾಗೇ ಕಳಿಸಲಿಲ್ಲ. ಅಂಗಡಿಯ ಹಿಂದಿನ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಮೆಹಬೂಬಸಾಬರು ಒಂದು ರೊಟ್ಟಿ ತಿಂದರು, ನಾನು ಅರ್ಧ. ಶಾಹೀನ ಮೊಸರನ್ನ ಉಂಡು ಚಾಪೆಯ ಮೇಲೆ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಗೋಡೆಯಾಚೆ ಹಿಟ್ಟಿನ ಗಿರಣಿ ಶುರುವಾಯಿತು. ಮಗುವಿಗೆ ಎಚ್ಚರವಾದೀತೆಂದು ನಾನು ದಡಬಡಿಸಿ ಎದ್ದು ಕಿಟಕಿ ಮುಚ್ಚಿದೆ. ಆಮೇಲೆ ನೆನಪಾಗಿ, ಮತ್ತೆ ತೆರೆದೆ.